ಬೆಲ್ಲ, ಶೇಂಗಾ ಚಟ್ನಿಯ ಟೋಸ್ಟಿಗೂ ಅಡುಗೆ ಅಂಕಣದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಸಂಜೆಯ ತಿಂಡಿಗಳನ್ನು ಕುರಿತು ಬಂದ ಬರಹದಲ್ಲಿ, ಸಿಹಿ ಮತ್ತು ಖಾರ ಎರಡನ್ನೂ ಒಂದೇ ಬ್ರೆಡ್ ಸ್ಲೈಸಿನ ಮೇಲೆ ಹರಡಿ, ಇನ್ನೊಂದು ಸ್ಲೈಸನ್ನು ಮುಚ್ಚದೆ ಹಾಗೆಯೇ ತಿನ್ನುವ ಟೋಸ್ಟಿನ ವಿಧಾನ ಪ್ರಕಟವಾಗಿತ್ತು. ಈ ತಿಂಡಿಗೆ ಕನ್ನಡ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದು ನನಗೆ ಬಹಳ ಸಂತೋಷ ತಂದಿತು. ಆದರೆ ಅದಕ್ಕೆ ಬೇಕೆಂದು ಹೇಳಿದ ಓವನ್, ಕ್ರೀಮ್ ಚೀಸ್, ಆಲಿವ್ ಎಣ್ಣೆ, ಬಾಟಲಿಯಲ್ಲಿ ಬರುವ ಹೊರದೇಶದ ಸಾಸು ಇವನ್ನೆಲ್ಲ ಓದಿದ ಮೇಲೆ, ಪುಣೆಯಲ್ಲಿ ಬಾಡಿಗೆ ಕೋಣೆ ಹಿಡಿದು ದುಡಿಯುವ, ಓದುವ ನಮ್ಮ ಮಕ್ಕಳು ಆ ಪುಟವನ್ನು ಮಡಚಿ ಬದಿಗಿಟ್ಟಿರುತ್ತಾರೆ ಎಂಬ ಕಳವಳವೂ ಆಯಿತು. ಅದೇ ತಿಂಡಿಯನ್ನು ಬೆಣ್ಣೆ, ಬೆಲ್ಲ ಮತ್ತು ಊರಿನಿಂದ ಬಂದ ಶೇಂಗಾ ಚಟ್ನಿಯಿಂದ ಒಂದು ಕಬ್ಬಿಣದ ಹಂಚಿನ ಮೇಲೆ ಮಾಡಬಹುದು, ಮತ್ತು ಸರಿಯಾಗಿ ಮಾಡಿದರೆ ಅದು ಕೆಫೆಯ ಟೋಸ್ಟಿಗಿಂತ ಒಂದು ತೂಕ ಹೆಚ್ಚೇ ಆಗುತ್ತದೆ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಚಿಂಚವಡ, ಭೋಸರಿ, ಚಾಕಣ, ಹಿಂಜವಡಿ ಈ ಭಾಗಗಳಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಎಷ್ಟು ಮಂದಿ ಇದ್ದಾರೆ ಎಂಬುದು ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ಮೊದಲ ಪಾಳಿ ಮುಗಿಸಿ ಕೋಣೆಗೆ ಬಂದವರಿಗೆ ಮೆಸ್ಸಿನ ರಾತ್ರಿಯೂಟಕ್ಕೆ ಇನ್ನೂ ಮೂರು ನಾಲ್ಕು ತಾಸು ಇರುತ್ತದೆ. ಆ ಹೊತ್ತಿನ ಹಸಿವನ್ನು ಅವರು ವಡಾಪಾವಿನಿಂದಲೋ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನಿಂದಲೋ ತಣಿಸಿಕೊಳ್ಳುತ್ತಾರೆ. ಅವರ ಕೋಣೆಯ ಮಾಡದಲ್ಲಿ ಊರಿನಿಂದ ತಾಯಿ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಇರುತ್ತದೆ, ಬೆಲ್ಲದ ಒಂದು ತುಂಡೂ ಇರುತ್ತದೆ, ಓಣಿಯ ತುದಿಯಲ್ಲಿ ಬೇಕರಿ ಇರುತ್ತದೆ. ನಮ್ಮ ಮನೆಯ ಎದುರಿನ ಕೋಣೆಗಳ ಹುಡುಗರು ಆಗಾಗ ನನ್ನ ಅಡುಗೆಮನೆಗೆ ಬರುತ್ತಾರೆ. ಇಂಡಿ ತಾಲ್ಲೂಕಿನ ಒಬ್ಬ ಹುಡುಗ ಹಸಿ ಬ್ರೆಡ್ಡಿನ ಮೇಲೆ ಚಟ್ನಿಯನ್ನು ಉದುರಿಸಿ ತಿನ್ನುತ್ತಿದ್ದ. ಅರ್ಧ ಚಟ್ನಿ ತಟ್ಟೆಗೇ ಬೀಳುತ್ತಿತ್ತು, ಉಳಿದದ್ದು ಬಾಯಲ್ಲಿ ಬ್ರೆಡ್ಡಿನ ಜೊತೆ ಮುದ್ದೆಯಾಗಿ ಅಂಗುಳಕ್ಕೆ ಅಂಟುತ್ತಿತ್ತು. ಅದೇ ಬ್ರೆಡ್ಡು, ಅದೇ ಚಟ್ನಿಯಿಂದ ಹಂಚಿನ ಮೇಲೆ ಮಾಡಿಕೊಟ್ಟದ್ದನ್ನು ತಿಂದು ಅವನು "ಕಾಕೂ, ಇದು ನಮ್ಮ ಚಟ್ನೀನ ಹೌದಲ್ಲರೀ?" ಎಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಸಾಮಗ್ರಿಯಲ್ಲಿ ಕೊರತೆ ಇರಲಿಲ್ಲ, ಮಾಡುವ ಕ್ರಮ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಕ್ರಮ ಆರಂಭವಾಗುವುದು ಬ್ರೆಡ್ಡಿನಿಂದ. ಪುಣೆಯ ಯಾವ ಬಡಾವಣೆಗೆ ಹೋದರೂ ಅಯ್ಯಂಗಾರ್ ಬೇಕರಿ ಎಂಬ ಫಲಕ ಕಾಣುತ್ತದೆ, ಒಳಗೆ ಹೋದರೆ ಹಲವು ಕಡೆ ಗಲ್ಲಾದ ಮೇಲೆ ಕೂತವರು ಕನ್ನಡದಲ್ಲೇ ಮಾತಾಡಿಸುತ್ತಾರೆ. ಹಾಸನದ ಕಡೆಯಿಂದ ಬಂದ ಕುಟುಂಬವೊಂದು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಚ್ಚಿದ ಬೇಕರಿಯ ಒಲೆಯಿಂದ ಬೆಳೆದ ಕಸುಬು ಇದು. ಈ ಬೇಕರಿಗಳಲ್ಲಿ ಕತ್ತರಿಸದ ಇಡೀ ಬ್ರೆಡ್ಡು ಕೇಳಿದರೆ ಸಿಗುತ್ತದೆ, ಅಥವಾ ಸ್ವಲ್ಪ ದಪ್ಪವಾಗಿ ಕತ್ತರಿಸಿಕೊಡಿ ಎಂದರೆ ಕತ್ತರಿಸಿಕೊಡುತ್ತಾರೆ. ಪ್ಯಾಕೆಟ್ಟಿನಲ್ಲಿ ಬರುವ ತೆಳ್ಳನೆಯ ಸ್ಲೈಸು ಮುಚ್ಚಿ ತಿನ್ನುವ ಸ್ಯಾಂಡ್‌ವಿಚ್ಚಿಗೆ ಸರಿ. ಮೇಲಿನ ಭಾರವನ್ನು ಒಂದೇ ಸ್ಲೈಸು ಹೊರಬೇಕಾದ ಈ ತಿಂಡಿಗೆ ಬೆರಳಿನಷ್ಟು ದಪ್ಪ ಬೇಕು. ಆಗ ಮೇಲ್ಮೈ ಗರಿಯಾದರೂ ನಡುವೆ ಮೆದು ಉಳಿಯುತ್ತದೆ. ಅಂದೇ ಬೆಂದ ಬ್ರೆಡ್ಡಿಗಿಂತ ಒಂದು ದಿನ ಹಳೆಯದಾದ ಬ್ರೆಡ್ಡು ಟೋಸ್ಟಿಗೆ ವಾಸಿ, ಏಕೆಂದರೆ ಹೊಸ ಬ್ರೆಡ್ಡಿನಲ್ಲಿ ನೀರಿನ ಅಂಶ ತೂಕದ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಿದ್ದು, ಮೇಲ್ಮೈಯ ಆ ನೀರು ಆರುವವರೆಗೂ ಬಣ್ಣ ತಿರುಗುವುದೇ ಇಲ್ಲ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡುವ ಅಭ್ಯಾಸದ ಬಗ್ಗೆಯೂ ಇಲ್ಲಿ ಹೇಳಲೇಬೇಕು, ಏಕೆಂದರೆ ಇದು ಬಹುತೇಕ ಎಲ್ಲ ಮನೆಗಳಲ್ಲೂ ಇದೆ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ ತಣ್ಣಗಾದ ಮೇಲೆ ಮತ್ತೆ ಬಿಗಿಯಾಗಿ ಜೋಡಿಕೊಳ್ಳುತ್ತ ಹೋಗುತ್ತದೆ, ಬ್ರೆಡ್ಡು ಹಳಸುವುದೆಂದರೆ ಮುಖ್ಯವಾಗಿ ಇದೇ. ಈ ಕ್ರಿಯೆ ಅತ್ಯಂತ ವೇಗವಾಗಿ ನಡೆಯುವುದು ಫ್ರಿಜ್ಜಿನ ಒಳಗಿನಷ್ಟು ತಂಪಿನಲ್ಲಿ, ಆದ್ದರಿಂದ ಹೊರಗಿಟ್ಟ ಬ್ರೆಡ್ಡಿಗಿಂತ ಫ್ರಿಜ್ಜಿನ ಬ್ರೆಡ್ಡು ಬೇಗ ಗಡುಸಾಗಿ ಪುಡಿಪುಡಿಯಾಗುತ್ತದೆ. ಎರಡು ದಿನಕ್ಕೆ ಬೇಕಾದಷ್ಟನ್ನು ಹೊರಗಿಟ್ಟು, ಉಳಿದದ್ದನ್ನು ಮಂಜುಗಟ್ಟುವ ಮೇಲಿನ ಖಾನೆಯಲ್ಲಿ ಗಾಳಿಯಾಡದಂತೆ ಕಟ್ಟಿಟ್ಟರೆ ಆ ಕ್ರಿಯೆ ಬಹುಮಟ್ಟಿಗೆ ನಿಂತುಬಿಡುತ್ತದೆ, ಅಲ್ಲಿಂದ ತೆಗೆದ ಸ್ಲೈಸನ್ನು ನೇರವಾಗಿ ಹಂಚಿಗೆ ಹಾಕಬಹುದು. ಮಳೆಗಾಲದಲ್ಲಿ ಮಾತ್ರ ಪುಣೆಯ ತೇವಕ್ಕೆ ಹೊರಗಿಟ್ಟ ಬ್ರೆಡ್ಡು ಬೇಗ ಬೂಸು ಹಿಡಿಯುತ್ತದೆ. ಒಂದು ಸ್ಲೈಸಿನಲ್ಲಿ ಹಸಿರು ಚುಕ್ಕೆ ಕಂಡರೂ ಆ ಭಾಗವನ್ನಷ್ಟೇ ಚಿವುಟಿ ಎಸೆಯದೆ ಇಡೀ ಬ್ರೆಡ್ಡನ್ನು ಎಸೆಯಬೇಕು, ಏಕೆಂದರೆ ಬೂಸಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತವೆ.

ಇನ್ನು ಹಂಚಿನ ಕೆಲಸ. ರೊಟ್ಟಿ ಅಥವಾ ದೋಸೆಯ ಕಬ್ಬಿಣದ ಹಂಚು ಸಾಕು. ಕೋಣೆಯಲ್ಲಿ ಗ್ಯಾಸ್ ಇಲ್ಲದೆ ಇಂಡಕ್ಷನ್ ಒಲೆ ಇದ್ದವರು ತಳ ಸಪಾಟಾಗಿರುವ ಕಬ್ಬಿಣದ ತವಾ ಇಟ್ಟುಕೊಳ್ಳಬೇಕು, ಬರಿಯ ಅಲ್ಯೂಮಿನಿಯಂ ತವಾ ಅದರ ಮೇಲೆ ಕಾಯುವುದಿಲ್ಲ. ಹಂಚಿಗೆ ಎಣ್ಣೆ, ಬೆಣ್ಣೆ ಏನನ್ನೂ ಸವರದೆ, ಮಧ್ಯಮ ಉರಿಯಲ್ಲಿ ಕಾಯಿಸಿ ಸ್ಲೈಸನ್ನು ಒಣದಾಗಿಯೇ ಇಡಬೇಕು. ಅನೇಕರು ಇಲ್ಲೇ ಬೆಣ್ಣೆ ಹಾಕಿಬಿಡುತ್ತಾರೆ. ಆಗ ಬೆಣ್ಣೆಯಲ್ಲಿರುವ ಹಾಲಿನ ಅಂಶ ಮೊದಲು ಸುಟ್ಟು ಕಪ್ಪು ಚುಕ್ಕೆಗಳಾಗುತ್ತದೆ, ಬ್ರೆಡ್ಡು ಜಿಡ್ಡನ್ನು ಹೀರಿ ಭಾರವಾಗುತ್ತದೆ. ಒಣ ಹಂಚಿನ ಮೇಲೆ ಇಟ್ಟ ಸ್ಲೈಸಿನಿಂದ ಮೊದಲು ಸಣ್ಣಗೆ ಹಬೆ ಏಳುತ್ತದೆ. ಆ ಹಬೆ ನಿಲ್ಲುವವರೆಗೆ ಅದನ್ನು ಒತ್ತಬಾರದು, ಮಗುಚಬಾರದು, ಅಂಚುಗಳು ಮೇಲೆದ್ದಿದ್ದರೆ ಅವನ್ನಷ್ಟೇ ಬೆರಳ ತುದಿಯಿಂದ ಅದುಮಬೇಕು. ಹಬೆ ನಿಂತ ಮೇಲೆ ಸ್ಲೈಸನ್ನು ಒಂದಿಷ್ಟು ಸರಿಸಿದರೆ ಹಂಚಿನ ಮೇಲೆ ಗರಗರ ಎಂಬ ಒಣ ಸದ್ದು ಬರುತ್ತದೆ. ನನ್ನ ಮಟ್ಟಿಗೆ ಬಣ್ಣಕ್ಕಿಂತ ಈ ಸದ್ದೇ ನಂಬಿಕೆಯ ಗುರುತು, ಏಕೆಂದರೆ ಬಣ್ಣವು ಬ್ರೆಡ್ಡಿನಲ್ಲಿ ಬೇಕರಿಯವರು ಹಾಕಿದ ಸಕ್ಕರೆಗೆ ತಕ್ಕಂತೆ ಬೇಗಲೋ ತಡವಾಗಿಯೋ ಬರುತ್ತದೆ. ಆಗ ಮಗುಚಿ, ಇನ್ನೊಂದು ಮಗ್ಗುಲನ್ನು ಅರ್ಧ ನಿಮಿಷ ಬಿಸಿ ಮಾಡಿ ಇಳಿಸಬೇಕು. ಒಂದು ಮಗ್ಗುಲು ಹೊಂಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು, ಇನ್ನೊಂದು ಮಗ್ಗುಲು ಬಿಳಿಯಾಗಿ ಮೆದುವಾಗಿರಬೇಕು. ಎರಡೂ ಮಗ್ಗುಲನ್ನು ಗರಿ ಮಾಡಿದರೆ ಕಚ್ಚಿದಾಗ ಟೋಸ್ಟು ಒಡೆದು ಮೇಲಿನದೆಲ್ಲ ಮಡಿಲಿಗೆ ಬೀಳುತ್ತದೆ.

ಹೊಂಬಣ್ಣದಲ್ಲೇ ನಿಲ್ಲಿಸಿ ಎಂದು ಒತ್ತಿ ಹೇಳಲು ರುಚಿಯೊಂದೇ ಕಾರಣವಲ್ಲ. ಪಿಷ್ಟವಿರುವ ಪದಾರ್ಥಗಳನ್ನು ಹೆಚ್ಚು ಶಾಖದಲ್ಲಿ ಸುಟ್ಟಾಗ ಅಥವಾ ಕರಿದಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುತ್ತದೆ ಎಂಬುದನ್ನು 2002ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ತೋರಿಸಿಕೊಟ್ಟರು, ಟೋಸ್ಟು ಕಪ್ಪಾದಷ್ಟೂ ಅದರ ಪ್ರಮಾಣ ಏರುತ್ತದೆ. 2017ರಲ್ಲಿ ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ ತನ್ನ ಜನರಿಗೆ ಕೊಟ್ಟ ಸಲಹೆಯೂ ಬ್ರೆಡ್ಡನ್ನು ಹೊಂಬಣ್ಣಕ್ಕಿಂತ ಮುಂದೆ ಕಂದಿಸಬೇಡಿ ಎಂಬುದೇ ಆಗಿತ್ತು. ಹೆದರುವ ಅಗತ್ಯವಿಲ್ಲ, ಕಪ್ಪಾಗುವ ಮುನ್ನ ಇಳಿಸಿದರೆ ಆಯಿತು.

ಈಗ ಮೇಲೆ ಹಾಕುವ ವಸ್ತುಗಳ ಸರದಿ. ಪುರವಣಿಯ ವಿಧಾನದಲ್ಲಿ ಎಲ್ಲವನ್ನೂ ಬಟ್ಟಲಲ್ಲಿ ಕಲಸಿ ಒಟ್ಟಿಗೆ ಹರಡಿ ಎಂದಿತ್ತು. ಇದನ್ನು ನಾನು ಒಪ್ಪುವುದಿಲ್ಲ. ಸಿಹಿ ಮತ್ತು ಖಾರವನ್ನು ಕಲಸಿಬಿಟ್ಟರೆ ಎರಡೂ ಸೇರಿ ಮೂರನೆಯ ಒಂದು ಮಂದ ರುಚಿಯಾಗುತ್ತದೆ. ಪದರ ಪದರವಾಗಿ ಹಾಕಿದರೆ ನಾಲಿಗೆಗೆ ಎರಡೂ ಬೇರೆ ಬೇರೆಯಾಗಿ, ಒಂದರ ಬೆನ್ನಿಗೆ ಒಂದು ತಾಗುತ್ತವೆ. ಮೊದಲು ಬೆಣ್ಣೆ, ಅದರ ಮೇಲೆ ಬೆಲ್ಲ, ಕೊನೆಗೆ ಚಟ್ನಿ, ಇದೇ ಕ್ರಮ. ಬಿಸಿ ಇರುವಾಗಲೇ ಗರಿಯಾದ ಮಗ್ಗುಲಿಗೆ ಒಂದು ಸಣ್ಣ ಚಮಚ ಬೆಣ್ಣೆಯನ್ನು ಅಂಚಿನವರೆಗೂ ಸವರಬೇಕು. ಈ ಬೆಣ್ಣೆ ರುಚಿಗೆ ಮಾತ್ರವಲ್ಲ, ಮೇಲಿನ ತೇವ ಬ್ರೆಡ್ಡಿಗೆ ಇಳಿಯದಂತೆ ತಡೆಯುವುದಕ್ಕೂ ಬೇಕು. ಬೆಲ್ಲ ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಂಡು ನೀರಾಗುವ ವಸ್ತು. ಬೆಣ್ಣೆಯಿಲ್ಲದೆ ನೇರವಾಗಿ ಹಾಕಿದರೆ ಪಾಕ ಬ್ರೆಡ್ಡಿಗೆ ಇಳಿದು, ಅಷ್ಟು ಕಾದು ಪಡೆದ ಗರಿಯೆಲ್ಲ ಹೋಗಿಬಿಡುತ್ತದೆ. ಅಂಚಿನವರೆಗೆ ಎಂದು ಹೇಳಿದ್ದೂ ಇದಕ್ಕೇ, ನಡುವೆ ಮಾತ್ರ ಬೆಣ್ಣೆ ಗುಡ್ಡೆ ಹಾಕಿದವರ ಟೋಸ್ಟು ಸುತ್ತಲಿನಿಂದ ಮೆತ್ತಗಾಗುತ್ತ ಬರುತ್ತದೆ.

ಬೆಣ್ಣೆ ಸವರಿದ ಕೂಡಲೇ ಹೆರೆದ ಅಥವಾ ಪುಡಿ ಮಾಡಿದ ಬೆಲ್ಲ ಒಂದು ಚಮಚವನ್ನು ತೆಳುವಾಗಿ ಉದುರಿಸಬೇಕು. ಟೋಸ್ಟಿನ ಬಿಸಿಗೆ ಅದು ಅರ್ಧ ಕರಗಿ ಅಂಟಾಗುತ್ತದೆ. ಆ ಅಂಟಿನ ಮೇಲೆ ಒಂದೂವರೆ ಚಮಚ ಶೇಂಗಾ ಚಟ್ನಿಯನ್ನು ಹಾಕಿ, ಚಮಚದ ಬೆನ್ನಿನಿಂದ ಹಗುರವಾಗಿ ಒತ್ತಿದರೆ ಒಂದು ಹರಳೂ ಕೆಳಗೆ ಬೀಳುವುದಿಲ್ಲ. ಬೆಲ್ಲವನ್ನು ಚಟ್ನಿಯ ಮೇಲೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಬೆಲ್ಲಕ್ಕೆ ಟೋಸ್ಟಿನ ಬಿಸಿ ತಲುಪದೆ ಅದು ಗಂಟುಗಂಟಾಗಿ ಉಳಿಯುತ್ತದೆ, ಚಟ್ನಿಯೂ ನಿಲ್ಲುವುದಿಲ್ಲ. ಬೆಲ್ಲ ಹಾಕಿದ ಮೇಲೆ ಟೋಸ್ಟನ್ನು ಮತ್ತೆ ಹಂಚಿಗೆ ಹಾಕುವ ಆಸೆಯನ್ನು ತಡೆದುಕೊಳ್ಳಬೇಕು, ಬೆಲ್ಲ ಹಂಚಿಗೆ ತಾಗಿದ ಕ್ಷಣದಲ್ಲೇ ಸೀದು ಕಹಿಯಾಗುತ್ತದೆ. ಹಳದಿ ಪೊಟ್ಟಣದ ಉಪ್ಪು ಬೆಣ್ಣೆ ಬಳಸಿದರೆ ಬೇರೆ ಉಪ್ಪು ಬೇಡ. ಮನೆಯ ಬಿಳಿ ಬೆಣ್ಣೆಯಾದರೆ ಬೆಲ್ಲದ ಮೇಲೆ ನಾಲ್ಕು ಹರಳು ಉಪ್ಪು ಬೀಳಲೇಬೇಕು, ಏಕೆಂದರೆ ಚಿಟಿಕೆ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮೇಲಕ್ಕೆತ್ತುತ್ತದೆ. ಹೋಳಿಗೆಯ ಹೂರಣಕ್ಕೆ ಉಪ್ಪಿನ ಹರಳು ಹಾಕುವ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ತುಪ್ಪವನ್ನು ಬಳಸಿದರೆ ಪರಿಮಳ ಹೆಚ್ಚು, ಆದರೆ ಬಿಸಿಗೆ ಪೂರ್ತಿ ಕರಗುವ ತುಪ್ಪ ಬ್ರೆಡ್ಡಿನೊಳಗೆ ಇಳಿದುಬಿಡುವುದರಿಂದ ಈ ತಿಂಡಿಗೆ ನಾನು ಬೆಣ್ಣೆಯ ಪಕ್ಷ.

ಚಟ್ನಿಯ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಬರೆಯಲು ಅನುಮತಿ ಬೇಡುತ್ತೇನೆ, ಏಕೆಂದರೆ ಈ ತಿಂಡಿಯ ಪ್ರಾಣ ಇರುವುದು ಅದರಲ್ಲಿ. ಸೊಲ್ಲಾಪುರದಿಂದ ವಿಜಯಪುರದವರೆಗೆ ಮಾಡುವ ಶೇಂಗಾ ಚಟ್ನಿ ಒರಳಿನಲ್ಲಿ ಕುಟ್ಟಿದ್ದು. ಹುರಿದ ಶೇಂಗಾ, ಸಿಪ್ಪೆ ಸಹಿತ ಬಳ್ಳೊಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಇಷ್ಟನ್ನೇ ಹಾಕಿ, ಶೇಂಗಾ ತನ್ನ ಎಣ್ಣೆಯನ್ನು ತಾನೇ ಬಿಡುವವರೆಗೆ ಕುಟ್ಟಿದರೆ, ಬೆರಳಲ್ಲಿ ಒತ್ತಿದಾಗ ಹಿಡಿಯಾಗಿ ನಿಲ್ಲುವ, ಅಲ್ಲಲ್ಲಿ ಕಾಳಿನ ಚೂರು ಸಿಗುವ ಚಟ್ನಿಯಾಗುತ್ತದೆ. ಮಿಕ್ಸರ್ ಬಳಸುವವರು ಒಂದೇ ಸಮನೆ ತಿರುಗಿಸದೆ, ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಚಮಚದಿಂದ ಕೆದಕಿದರೆ ಹೆಚ್ಚುಕಡಿಮೆ ಅದೇ ಹದ ಬರುತ್ತದೆ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಉತ್ತಮ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಉರಿ ಕಡಿಮೆ, ಆದ್ದರಿಂದ ಬೆಲ್ಲದ ಜೊತೆ ಜಗಳವಾಡುವುದಿಲ್ಲ. ಶೇಂಗಾವನ್ನು ಹುರಿಯುವ ಮುನ್ನ ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಸು ಹಿಡಿದ ಕಾಳುಗಳನ್ನು ಆರಿಸಿ ತೆಗೆಯುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಅಂಥ ಕಾಳುಗಳಲ್ಲಿ ಯಕೃತ್ತಿಗೆ ಕೆಡುಕು ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ.

ಬೇರೆ ಚಟ್ನಿಗಳೂ ಆಗುತ್ತವೆ, ಆದರೆ ಹದ ಬೇರೆ. ಅಗಸಿ ಚಟ್ನಿಯಲ್ಲಿ ಸಣ್ಣ ಕಹಿ ಇರುವುದರಿಂದ ಬೆಲ್ಲ ಸ್ವಲ್ಪ ಮುಂದಾಗಬೇಕು. ಪುಟಾಣಿ ಚಟ್ನಿ ಒಣಕಲು, ಬೆಣ್ಣೆ ಹೆಚ್ಚು ಬೇಡುತ್ತದೆ. ಗುರೆಳ್ಳು ಚಟ್ನಿಯ ಗಡಸು ಪರಿಮಳಕ್ಕೆ ಬೆಲ್ಲಕ್ಕಿಂತ ಚೆನ್ನಾಗಿ ಕಳಿತ ಬಾಳೆಹಣ್ಣಿನ ಬಿಲ್ಲೆಗಳು ಒಪ್ಪುತ್ತವೆ. ಹಸಿ ಕೆಂಪು ಮೆಣಸಿನಕಾಯಿಯ ರಂಜಕ ಮಾತ್ರ ಬೇಡ, ಅದರ ಹುಳಿ ಮತ್ತು ನೀರು ಟೋಸ್ಟಿಗೆ ಆಗಿಬರುವುದಿಲ್ಲ.

ಬೆಲ್ಲದಲ್ಲಿ ಕೊಲ್ಹಾಪುರದ್ದು ಪುಣೆಯಲ್ಲಿ ಎಲ್ಲೆಲ್ಲೂ ಸಿಗುತ್ತದೆ, ಮಹಾಲಿಂಗಪುರದ ಪೇಟೆಯ ಬೆಲ್ಲ ಊರಿಗೆ ಹೋದವರ ಚೀಲದಲ್ಲಿ ಬರುತ್ತದೆ, ಎರಡೂ ಒಳ್ಳೆಯವೇ. ಕಣ್ಣಿಗೆ ಅಂದವಾಗಿ ಕಾಣುವ ತಿಳಿ ಹಳದಿ ಬೆಲ್ಲವನ್ನು ಆರಿಸಬೇಡಿ ಎಂದು ಹುಡುಗರಿಗೆ ಹೇಳುತ್ತಿರುತ್ತೇನೆ. ಆ ಬಣ್ಣ ಬರಲು ಗಾಣದಲ್ಲಿ ರಾಸಾಯನಿಕ ಹಾಕಿ ತಿಳಿಗೊಳಿಸುವುದುಂಟು, ಮತ್ತು ಈ ತಿಂಡಿಗೆ ಬೇಕಾದ ಗಾಢ ರುಚಿ ಇರುವುದೂ ಕಂದು ಬಣ್ಣದ ಬೆಲ್ಲದಲ್ಲಿಯೇ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕಾಕವಿಯನ್ನೂ, ಅಂದರೆ ಜೋನಿ ಬೆಲ್ಲವನ್ನೂ, ಬಳಸಬಹುದು, ಆದರೆ ಅದು ದ್ರವವಾದ್ದರಿಂದ ಅರ್ಧ ಚಮಚಕ್ಕೆ ಮೀರಬಾರದು.

ಹಣ್ಣಿನ ಕಾಲದಲ್ಲಿ ಬೆಲ್ಲವನ್ನು ಪೂರ್ತಿ ಬಿಟ್ಟರೂ ನಡೆಯುತ್ತದೆ. ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ ಪುಣೆಯ ರಸ್ತೆಬದಿಯ ಗಾಡಿಗಳಿಗೂ ಬರುತ್ತದೆ. ಅದನ್ನು ತೆಳ್ಳಗೆ ಹೆಚ್ಚಿ, ಉಪ್ಪು ಮತ್ತು ಖಾರದ ಪುಡಿ ಸೋಕಿಸಿ, ಬೆಣ್ಣೆ ಸವರಿದ ಟೋಸ್ಟಿನ ಮೇಲೆ ಜೋಡಿಸಿ ಶೇಂಗಾ ಚಟ್ನಿ ಉದುರಿಸಿದರೆ, ಪೊಟ್ಟಣದ ಜಾಮ್ ಯಾಕೆ ಬೇಕು ಎನಿಸುತ್ತದೆ. ಸಾಸವಡದ ಕಡೆ ಬೆಳೆಯುವ ಪುರಂದರದ ಅಂಜೂರವನ್ನು ಸೀಳಿ, ಮೇಲೆ ತುರಿದ ಚೀಸು ಮತ್ತು ಕುಟ್ಟಿದ ಕರಿಮೆಣಸು ಹಾಕಿದರೆ ಅತಿಥಿಗಳಿಗೆ ಕೊಡುವಂತಹ ತಿಂಡಿಯಾಗುತ್ತದೆ. ಕರಾವಳಿಯ ನನ್ನ ನೆರೆಮನೆಯವರು ಗಟ್ಟಿಯಾಗಿ ಕುದಿಸಿದ ಅನಾನಸ್ ಗೊಜ್ಜನ್ನು ಹೀಗೆಯೇ ಟೋಸ್ಟಿನ ಮೇಲೆ ಹರಡುತ್ತಾರೆ. ಅದರಲ್ಲಿ ಬೆಲ್ಲ, ಮೆಣಸಿನಕಾಯಿ, ಎಳ್ಳು ಮೊದಲೇ ಇರುವುದರಿಂದ ಬೇರೇನೂ ಬೇಕಾಗುವುದಿಲ್ಲ.

ಸಿಹಿಯ ಜೊತೆ ಖಾರ ಎಂದರೆ ಅದು ಹೊರಗಿನಿಂದ ಬಂದ ಹೊಸ ಶೋಕಿ ಎಂಬಂತೆ ಆ ಬರಹದ ಧಾಟಿ ಇತ್ತು. ಹೋಳಿಗೆಯ ಪಕ್ಕಕ್ಕೆ ಕಟ್ಟಿನ ಸಾರು ಬಡಿಸುವ, ಗೊಜ್ಜಿಗೆ ಬೆಲ್ಲ ಹಾಕುವ ಜನ ನಾವು. ಪುಣೆಯವರೋ, ಒಂದೇ ತುತ್ತಿನಲ್ಲಿ ಸಿಹಿ, ಹುಳಿ, ಖಾರ ಮೂರೂ ಇರುವ ಭಾಕರವಡಿಯನ್ನು ಪರವೂರಿನ ನೆಂಟರಿಗೆಲ್ಲ ಕಟ್ಟಿಕೊಡುವವರು. ಮುಚ್ಚದ ಟೋಸ್ಟು ಕೂಡ ಈ ಸೀಮೆಗೆ ಹೊಸದಲ್ಲ. ಮುಂಬೈಯ ವಿಲ್ಲಿಂಗ್ಡನ್ ಕ್ಲಬ್ಬಿನಲ್ಲಿ ಹುಟ್ಟಿ ಇಂದು ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಸಿಗುವ ಎಗ್ಸ್ ಕೇಜ್ರಿವಾಲ್ ಎಂಬ ತಿಂಡಿ, ಟೋಸ್ಟಿನ ಮೇಲೆ ಚೀಸು, ಹಸಿಮೆಣಸಿನಕಾಯಿ ಮತ್ತು ಕರಿದ ಮೊಟ್ಟೆ ಇಟ್ಟದ್ದು, ಅಷ್ಟೇ. ಬೆಂಗಳೂರು, ಮೈಸೂರಿನ ಬೇಕರಿಗಳಲ್ಲಿ ಈರುಳ್ಳಿ, ಕ್ಯಾರೆಟ್ ತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಕೊಡುವ ಮಸಾಲೆ ಟೋಸ್ಟನ್ನು ನಿಂತುಕೊಂಡೇ ತಿಂದವರಿಗೆ ಇದರ ಪರಿಚಯ ಬೇರೆ ಬೇಕಿಲ್ಲ. ಮುಂಬೈ, ಪುಣೆಯ ರಸ್ತೆಗಳಲ್ಲಿ ಆಲೂಗಡ್ಡೆ, ಬೀಟ್‌ರೂಟ್, ಹಸಿರು ಚಟ್ನಿ ತುಂಬಿ ಇಕ್ಕಳದಲ್ಲಿ ಸುಡುವ ಟೋಸ್ಟ್ ಸ್ಯಾಂಡ್‌ವಿಚ್ ನನಗೂ ಇಷ್ಟ, ಆದರೆ ಅದು ಊಟದ ಜಾಗ ತುಂಬುವ ತಿಂಡಿ. ಸಂಜೆ ಆರಕ್ಕೆ ಒಂದು ಸ್ಲೈಸು ಸಾಕು ಎನ್ನುವವರಿಗೆ, ಎರಡು ಸ್ಲೈಸುಗಳ ನಡುವೆ ಹಬೆ ಸಿಕ್ಕಿಕೊಂಡು ಮೆತ್ತಗಾಗುವ ತೊಂದರೆಯೂ ಇಲ್ಲದ ಈ ಮುಚ್ಚದ ಟೋಸ್ಟೇ ಸರಿ. ಒಂದೇ ಎಚ್ಚರಿಕೆ, ಇದನ್ನು ಮಾಡಿಟ್ಟು ಆಮೇಲೆ ತಿನ್ನಲಾಗದು, ಡಬ್ಬಿಗೆ ಕಟ್ಟಲೂ ಆಗದು. ಚಹಾ ಸೋಸುವಷ್ಟರಲ್ಲಿ ಟೋಸ್ಟು ಹಂಚಿನಿಂದ ಇಳಿಯಬೇಕು.

ಬ್ರೆಡ್ಡು ಮೈದಾ, ಬೆಲ್ಲ ಸಕ್ಕರೆಯ ತಮ್ಮ, ಇದನ್ನು ಮಕ್ಕಳಿಗೆ ಏಕೆ ಕಲಿಸುತ್ತೀರಿ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಬೆಲ್ಲದಿಂದ ರಕ್ತದ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ತಪ್ಪು, ಮಧುಮೇಹ ಇರುವವರು ಬೆಲ್ಲವನ್ನು ಬಿಟ್ಟು ಚಟ್ನಿಯಷ್ಟನ್ನೇ ಹಾಕಿಕೊಳ್ಳಬೇಕು. ಉಳಿದವರಿಗೂ ಅಳತೆ ಮುಖ್ಯ. ಮೇಲಿನಿಂದ ಸೇರಿಸಿಕೊಳ್ಳುವ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಮಿನ ಒಳಗಿಟ್ಟರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ, ಒಂದು ಚಮಚ ಬೆಲ್ಲ ಸುಮಾರು 5 ಗ್ರಾಮ್ ತೂಗುತ್ತದೆ. ಇದರ ಜೊತೆಗೆ, ನೂರು ಗ್ರಾಮಿನಲ್ಲಿ 25 ಗ್ರಾಮಿನಷ್ಟು ಪ್ರೋಟೀನು ಇರುವ ಶೇಂಗಾ ಸೇರುವುದರಿಂದ ಈ ತಿಂಡಿ ಬಿಸ್ಕತ್ತಿಗಿಂತ ಹೆಚ್ಚು ಹೊತ್ತು ಹೊಟ್ಟೆ ಹಿಡಿಯುತ್ತದೆ. ಶೇಂಗಾ ಆಗದವರು ಪುಟಾಣಿ ಅಥವಾ ಒಣಕೊಬ್ಬರಿ ಚಟ್ನಿಗೆ ಹೋಗಬಹುದು. ಗೋಧಿ ಬ್ರೆಡ್ಡು ಬೇಕೆನ್ನುವವರು ಬಣ್ಣ ನೋಡಿ ಕೊಳ್ಳದೆ ಪೊಟ್ಟಣದ ಹಿಂಬದಿಯ ಪಟ್ಟಿಯನ್ನು ಓದಬೇಕು. ಹೆಚ್ಚು ತೂಕದ ವಸ್ತುವನ್ನು ಮೊದಲು ಬರೆಯಬೇಕೆಂಬ ನಿಯಮವಿದೆ, ಆದ್ದರಿಂದ ಇಡೀ ಗೋಧಿಯ ಹಿಟ್ಟು ಮೊದಲ ಹೆಸರಾಗಿರಬೇಕು. ಮೈದಾ ಮೊದಲಿದ್ದು ಕೊನೆಯಲ್ಲಿ ಕ್ಯಾರಮೆಲ್ ಬಣ್ಣ ಎಂದಿದ್ದರೆ ಅದು ಬಣ್ಣ ಹಚ್ಚಿದ ಬಿಳಿ ಬ್ರೆಡ್ಡು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಸಂಜೆಯ ತಿಂಡಿಗಳ ಈ ಮಾಲೆಯನ್ನು ಮುಂದುವರಿಸುವಾಗ, ಪ್ರತಿ ವಿಧಾನವನ್ನೂ ಒಂದು ಒಲೆ, ಒಂದು ಹಂಚು, ಒಂದು ಚಮಚ ಇರುವ ಕೋಣೆಯಲ್ಲಿ ಮಾಡಬಹುದೇ ಎಂದು ಒಮ್ಮೆ ನೋಡಿ ಪ್ರಕಟಿಸಿ. ಗ್ರಾಮ್, ಮಿಲಿಲೀಟರುಗಳ ಬದಲು ಚಮಚದ ಅಳತೆ ಕೊಡಿ, ಏಕೆಂದರೆ ಆ ಕೋಣೆಗಳಲ್ಲಿ ತಕ್ಕಡಿ ಇರುವುದಿಲ್ಲ. ಬೀದರಿನವರು, ಧಾರವಾಡದವರು, ಉಡುಪಿಯವರು, ಮೈಸೂರಿನವರು ತಮ್ಮ ತಮ್ಮ ಮನೆಯ ಚಟ್ನಿ, ಗೊಜ್ಜು, ಗುಳಂಬಗಳನ್ನು ಟೋಸ್ಟಿನ ಮೇಲೆ ಹೇಗೆ ಹೊಂದಿಸುತ್ತಾರೆ ಎಂದು ಓದುಗರಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಪುಣೆಯ ಅಯ್ಯಂಗಾರ್ ಬೇಕರಿಗಳ ಮಾಲೀಕರೂ ತಮ್ಮ ಪತ್ರಿಕೆಯನ್ನು ಓದುತ್ತಾರೆ; ಸಂಜೆಯ ಹೊತ್ತು ಪ್ಯಾಟಿಸ್ಸಿನ ಪಕ್ಕದಲ್ಲಿ ಈ ಬೆಲ್ಲ, ಶೇಂಗಾ ಚಟ್ನಿಯ ಟೋಸ್ಟನ್ನೂ ಬಿಸಿಬಿಸಿಯಾಗಿ ಮಾಡಿಕೊಡಲು ಅವರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ. ಅದಾಗದಿದ್ದರೆ, ಕನಿಷ್ಠ ದಪ್ಪ ಸ್ಲೈಸಿನ ಬ್ರೆಡ್ಡನ್ನು ನಾಲ್ಕು ನಾಲ್ಕರ ಸಣ್ಣ ಕಟ್ಟಾಗಿ ಮಾರಲಿ, ಒಬ್ಬೊಬ್ಬರೇ ಇರುವವರಿಗೆ ಇಡೀ ಬ್ರೆಡ್ಡು ಮುಗಿಸುವುದು ಕಷ್ಟವಾಗುತ್ತದೆ.

ಇತಿ ತಮ್ಮ ಓದುಗಾರ್ತಿ,
ಚಿಂಚವಡ, ಪುಣೆ